ಅವ್ವನ ಹೆಸರಲ್ಲಿ ಸಿಮ್, ಅಪ್ಪನ ಜೇಬಲ್ಲಿ ಫೋನ್: ಲ್ಯಾಬಿನ ಒಂದು ಫೋಟೊದಿಂದ ಶುರುವಾದ ಯೋಚನೆ

ಹದಡಿರಸ್ತೆ_ಹುಡುಗಿ
ಭಾನುವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ, ಆರನೇ ಸೆಮಿಸ್ಟರ್. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಹೋದ ವಾರ ಇಮೇಜ್ ಪ್ರೊಸೆಸಿಂಗ್ ಲ್ಯಾಬ್ ಇತ್ತು. ಒಂದು ಫೋಟೊ ತೆಗೆದುಕೊಂಡು ಅದರ ಅಂಚು ಹುಡುಕಬೇಕು, ಮಸುಕು ಮಾಡಬೇಕು, ಮತ್ತೆ ಸರಿಮಾಡಬೇಕು. ಮ್ಯಾನ್ಯುಯಲ್‌ನಲ್ಲಿ ಇರುವುದು ಒಂದೇ ಫೋಟೊ. ಗರಿಯಿರುವ ಟೋಪಿ ಹಾಕಿಕೊಂಡು, ಬರಿ ಹೆಗಲ ಮೇಲಿಂದ ತಿರುಗಿ ನೋಡುವ ಹುಡುಗಿ. ಫೈಲ್ ಹೆಸರು ‘ಲೆನಾ’. ಇಡೀ ಬ್ಯಾಚು ಆ ಮುಖವನ್ನು ಮೂರು ಗಂಟೆ ಹಿಗ್ಗಿಸಿ, ಕುಗ್ಗಿಸಿ, ಕಪ್ಪುಬಿಳುಪು ಮಾಡಿತು. ಯಾರಿವಳು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಲ್ಯಾಬಿನಲ್ಲಿ ಕೇಳಲಿಲ್ಲ, ಮನೆಗೆ ಬಂದು ಹುಡುಕಿದೆ.

ಅದು 1972ರ ನವೆಂಬರ್ ತಿಂಗಳ ಪ್ಲೇಬಾಯ್ ಪತ್ರಿಕೆಯ ನಡುಪುಟದ ಬೆತ್ತಲೆ ಚಿತ್ರ. 1973ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ಲ್ಯಾಬಿನವರಿಗೆ ಸ್ಕ್ಯಾನ್ ಮಾಡಲು ಹೊಸ ಚಿತ್ರ ಬೇಕಿತ್ತು. ಅಷ್ಟರಲ್ಲಿ ಯಾರೋ ಆ ಪತ್ರಿಕೆ ಹಿಡಿದುಕೊಂಡು ಒಳಗೆ ಬಂದರಂತೆ. ಹೆಗಲಿನಿಂದ ಮೇಲಿನ ಭಾಗವನ್ನಷ್ಟೇ, ಅಡ್ಡ 512 ಉದ್ದ 512 ಚುಕ್ಕೆಗೆ ಇಳಿಸಿಕೊಂಡರು. ಅಲ್ಲಿಂದ ಐವತ್ತು ವರ್ಷ ಜಗತ್ತಿನ ಎಲ್ಲ ಲ್ಯಾಬಿನಲ್ಲೂ ಅದೇ ಚಿತ್ರ. ಚಿತ್ರದಲ್ಲಿರುವವರು ಸ್ವೀಡನ್ನಿನ ಲೆನಾ ಫೋರ್ಸೆನ್. ಮಾಡೆಲಿಂಗ್ ಬಿಟ್ಟು ಎಷ್ಟೋ ಕಾಲವಾಯಿತು, ಈ ಟೆಕ್ ಲೋಕದಿಂದಲೂ ನನ್ನನ್ನು ಬಿಟ್ಟುಬಿಡಿ ಅನ್ನುವ ಅರ್ಥದಲ್ಲಿ ಅವರೇ 2019ರಲ್ಲಿ ಹೇಳಿದ್ದಾರೆ. ಕಂಪ್ಯೂಟರ್ ಸಂಶೋಧನೆಯ ಲೇಖನಗಳನ್ನು ಪ್ರಕಟಿಸುವ ಐಇಇಇ ಕಂಪ್ಯೂಟರ್ ಸೊಸೈಟಿ 2024ರ ಏಪ್ರಿಲ್ 1ರಿಂದ ಆ ಚಿತ್ರವಿರುವ ಲೇಖನಗಳನ್ನು ತೆಗೆದುಕೊಳ್ಳುತ್ತಿಲ್ಲ. ನಮ್ಮ ಮ್ಯಾನ್ಯುಯಲ್‌ಗೆ ಇನ್ನೂ ಆ ಸುದ್ದಿ ಮುಟ್ಟಿಲ್ಲ.

ಇದನ್ನೇ ಯೋಚಿಸುತ್ತಾ ಊಟಕ್ಕೆ ಕೂತೆ. ಅವ್ವನ ಗೃಹಲಕ್ಷ್ಮಿ ಎರಡು ಸಾವಿರ ಬಂತಾ ಇಲ್ಲವಾ ಅಂತ ಮಾತು ಬಂತು. ಅಪ್ಪ ಜೇಬಿನಿಂದ ಫೋನ್ ತೆಗೆದು ನೋಡಿ "ಇನ್ನೂ ಇಲ್ಲ" ಅಂದರು. ಆಗ ಹೊಳೆಯಿತು. ದುಡ್ಡು ಅವ್ವನದು, ಬ್ಯಾಂಕ್ ಖಾತೆ ಅವ್ವನದು, ಸಿಮ್ ಕೂಡ ಅವ್ವನ ಹೆಸರಲ್ಲೇ ಇದೆ. ಆ ಸಿಮ್ ಇರುವುದು ಮಾತ್ರ ಅಪ್ಪನ ಫೋನಿನ ಎರಡನೇ ಜಾಗದಲ್ಲಿ. ಗ್ಯಾಸಿನ ಓಟಿಪಿ, ರೇಷನ್ ಮೆಸೇಜು, ಬ್ಯಾಂಕಿನದು, ಎಲ್ಲವೂ ಅಪ್ಪನಿಗೆ ಬರುತ್ತದೆ. ಅವ್ವನ ಹತ್ತಿರ ಇರುವುದು ನನ್ನ ಹಳೇ ಫೋನ್, ಗಾಜು ಒಡೆದದ್ದು, ಸಿಮ್ ಇಲ್ಲ. ನನ್ನ ಹಾಟ್‌ಸ್ಪಾಟ್‌ನಲ್ಲಿ ಧಾರಾವಾಹಿಯ ತುಣುಕು ನೋಡುತ್ತಾಳೆ. ಅಪ್ಪ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರೂ ಕಿತ್ತುಕೊಂಡಿಲ್ಲ. ಹಾಗೇ ಆಗಿಹೋಗಿದೆ.

ಟಿವಿಯಲ್ಲಿ, ರೀಲ್ಸಿನಲ್ಲಿ, ಹೋರ್ಡಿಂಗಿನಲ್ಲಿ, ಕೊನೆಗೆ ನಮ್ಮ ಲ್ಯಾಬಿನಲ್ಲೂ ಹೆಣ್ಣಿನ ಮುಖಕ್ಕೆ ಬರ ಇಲ್ಲ. ಆದರೆ ಫೋನು, ಕ್ಯಾಮೆರಾ, ಮೈಕು ಯಾರ ಕೈಯಲ್ಲಿದೆ ಅಂತ ನೋಡಿದರೆ ಲೆಕ್ಕ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ಶೇ. 33.3, ಗಂಡಸರು ಶೇ. 57.1. ತಾನೇ ಬಳಸುವ ಮೊಬೈಲ್ ಇರುವ ಹೆಂಗಸರು ಶೇ. 54. ಅವ್ವ ಆ ಸಮೀಕ್ಷೆಯಲ್ಲಿ ಯಾವ ಕಡೆ ಸೇರುತ್ತಿದ್ದಳೋ, ನನಗೇ ಗೊತ್ತಾಗುತ್ತಿಲ್ಲ.

ಮುಂದಿನ ಶುಕ್ರವಾರ ಕಾಲೇಜಿನಲ್ಲಿ ಇದರ ಮೇಲೆ ಹತ್ತು ನಿಮಿಷ ಮಾತಾಡಬೇಕು. ನಿಮ್ಮ ಮನೆಯಲ್ಲಿ, ಕೆಲಸದಲ್ಲಿ ಹೇಗಿದೆ ಹೇಳುತ್ತೀರಾ?

ಮಂಡಿಪೇಟೆ_ಮೊಬೈಲ್
ಭಾನುವಾರ, ರಾತ್ರಿ 9:40

ತಂಗಿ, ಚೆನ್ನಾಗಿ ಬರೆದಿದ್ದೀಯ. ಆದರೆ ಇದೆಲ್ಲ ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತದೆ. ಈಗ ಫೋನ್ ಇಲ್ಲದ ಹೆಂಗಸು ಯಾರಿದ್ದಾರೆ? ರೀಲ್ಸ್ ಮಾಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಅವರೇ. ಫ್ರೀ ಬಸ್ಸಿನಲ್ಲಿ ಸೀಟಿಗೆ ಜುಟ್ಟು ಹಿಡಿದು ಜಗಳ ಆಡುವ ವಿಡಿಯೊ ನೋಡಿಲ್ವಾ?

ಹದಡಿರಸ್ತೆ_ಹುಡುಗಿ
ಭಾನುವಾರ, ರಾತ್ರಿ 9:48

ನೋಡಿದ್ದೇನೆ ಅಣ್ಣ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಆ ವಿಡಿಯೊಗಳದ್ದೇ ಕಾಲ. ಆದರೆ ಆ ಜಗಳವನ್ನು ಪಕ್ಕದಲ್ಲಿ ನಿಂತು ತೆಗೆಯುತ್ತಿದ್ದವರು ಯಾರು? ನಮ್ಮ ಸ್ನೇಹಿತೆಯೊಬ್ಬಳು ಹಳ್ಳಿಯಿಂದ ದಿನಾ ಬಂದುಹೋಗಿ ಡಿಗ್ರಿ ಓದುತ್ತಿದ್ದಾಳೆ. ಪಾಸು ಮಾಡಿಸಲು ದುಡ್ಡಿಲ್ಲ ಅಂತ ಮೊದಲು ವಾರಕ್ಕೆ ಮೂರು ದಿನ ಬರುತ್ತಿದ್ದವಳು ಈಗ ಆರು ದಿನ ಬರುತ್ತಾಳೆ. ಅದನ್ನು ಯಾರೂ ವಿಡಿಯೊ ಮಾಡಲಿಲ್ಲ. ಮಾಡಿದರೂ ಓಡುವುದಿಲ್ಲ ಬಿಡಿ.

ಅಂಗನವಾಡಿ_ಅಕ್ಕ
ಭಾನುವಾರ, ರಾತ್ರಿ 10:25

ನಾನು ಜಗಳೂರು ಕಡೆಯವಳು. ನಮ್ಮ ಊರಿಗೆ ಬರುವುದು ಜಾಸ್ತಿ ಪ್ರೈವೇಟ್ ಬಸ್ಸೇ, ಅದರಲ್ಲಿ ಫ್ರೀ ಇಲ್ಲ. ಅದಿರಲಿ.

ಈ ಸಿಮ್ ವಿಷಯ ಓದಿ ನಗುವೂ ಬಂತು, ಹೊಟ್ಟೆ ಉರಿಯೂ ಆಯಿತು. ನನ್ನ ದಿನವಿಡೀ ಗೋಳು ಇದೇ ನೋಡವ್ವ. ಈಗ ಬಸುರಿ, ಬಾಣಂತಿಯರಿಗೆ ರೇಷನ್ ಕೊಡಬೇಕಾದರೆ ಫೋನಿನಲ್ಲಿ ಅವರ ಮುಖದ ಫೋಟೊ ಹೊಂದಬೇಕು, ಮೊದಲ ಸಲ ನೋಂದಣಿಗೆ ಓಟಿಪಿ ಬೇಕು. ಹೆಂಗಸು ನನ್ನ ಮುಂದೆ ಮಗು ಎತ್ತಿಕೊಂಡು ನಿಂತಿರುತ್ತಾಳೆ. ಆಧಾರಿಗೆ ಕೊಟ್ಟ ನಂಬರ್ ಗಂಡನದು. ಗಂಡ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿರುತ್ತಾನೆ. ಅವನಿಗೆ ಫೋನ್ ಮಾಡಿ, ಅವನು ಸಾರವೆ ಮೇಲಿಂದ ಇಳಿದು ನೋಡಿ ಹೇಳುವ ಹೊತ್ತಿಗೆ ಓಟಿಪಿಯ ಟೈಮು ಮುಗಿದಿರುತ್ತದೆ. ಮತ್ತೆ ಕಳಿಸು. ಮತ್ತೆ ಇಳಿ.

ಅವಳೇ ಬಂದು ನಿಂತಿದ್ದಾಳೆ, ಮುಖ ಕಾಣುತ್ತಿದೆ, ಹೆಸರು ನನಗೆ ಗೊತ್ತು, ಅವಳ ಮದುವೆಯಲ್ಲಿ ನಾನೇ ಊಟ ಬಡಿಸಿದ್ದೇನೆ. ಆದರೂ ಅವಳು ಅವಳೇ ಅಂತ ಹೇಳಲು ನೂರಾರು ಮೈಲಿ ಆಚೆ ಇರುವ ಗಂಡನ ಫೋನ್ ಬೇಕು.

ಇನ್ನು ನೆಟ್‌ವರ್ಕ್. ಶಾಲೆಯ ಮಾಳಿಗೆ ಹತ್ತಿದರೆ ಎರಡು ಕಡ್ಡಿ ಬರುತ್ತದೆ. ಬಸುರಿಯನ್ನು ಮಾಳಿಗೆ ಹತ್ತಿಸುವುದಕ್ಕೆ ಆಗುತ್ತದಾ?

ಬೆಣ್ಣೆದೋಸೆ_ಬೆಂಗಳೂರಲ್ಲಿ
ಭಾನುವಾರ, ರಾತ್ರಿ 11:03

ಅಕ್ಕ, ನೀವು ಬರೆದದ್ದನ್ನು ನಮ್ಮ ಆಫೀಸಿನ ಗ್ರೂಪಿಗೆ ಹಾಕಬೇಕು ಅನ್ನಿಸಿತು. ಓಟಿಪಿ ಕಳಿಸುವ ಸಾಫ್ಟ್‌ವೇರ್ ಬರೆಯುವ ಕೆಲಸವನ್ನೇ ನಾನು ಎರಡು ವರ್ಷ ಮಾಡಿದ್ದೇನೆ. ‘ಒಂದು ನಂಬರ್ ಅಂದರೆ ಒಬ್ಬ ಮನುಷ್ಯ’ ಅಂತಲೇ ನಾವು ಕೋಡ್ ಬರೆದದ್ದು. ಆ ನಂಬರ್ ಇನ್ನೊಬ್ಬರ ಜೇಬಲ್ಲಿ ಇರಬಹುದು ಅಂತ ಮೀಟಿಂಗಿನಲ್ಲಿ ಒಮ್ಮೆಯೂ ಮಾತು ಬರಲಿಲ್ಲ. ನಮ್ಮಮ್ಮನ ನಂಬರೂ ನನ್ನ ಹತ್ತಿರವೇ ಇತ್ತು ಆಗ!

ಮುಖ ಗುರುತಿಸುವ ಯಂತ್ರದ ವಿಷಯಕ್ಕೆ ಬಂದರೆ, 2018ರಲ್ಲಿ ಜಾಯ್ ಬುವೊಲಾಮ್ವಿನಿ ಮತ್ತು ಟಿಮ್ನಿತ್ ಗೆಬ್ರು ಅನ್ನುವ ಇಬ್ಬರು ಸಂಶೋಧಕಿಯರು ಮೂರು ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷೆ ಮಾಡಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳಬೇಕು, ಅಷ್ಟೇ ಕೆಲಸ. ಬಿಳಿ ಚರ್ಮದ ಗಂಡಸರಲ್ಲಿ ತಪ್ಪು ಶೇ. 1 ಕೂಡ ಇರಲಿಲ್ಲ. ಕಪ್ಪು ಚರ್ಮದ ಹೆಂಗಸರಲ್ಲಿ ಶೇ. 34.7ರವರೆಗೆ ಹೋಯಿತು. ಕಾರಣ ಮಾಯಮಂತ್ರ ಏನಲ್ಲ. ಕಲಿಸಲು ಕೊಟ್ಟ ಫೋಟೊಗಳಲ್ಲಿ ಅಂಥ ಮುಖಗಳೇ ಕಡಿಮೆ.

ಲೆನಾ ಕಥೆಗೆ ಒಂದು ಜೋಡಿ ಕಥೆ ಇದೆ, ನಿನ್ನ ಸೆಮಿನಾರಿಗೆ ಆಗುತ್ತದೆ. 1946ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರನ್ನು ಜನರ ಮುಂದೆ ಇಟ್ಟರಲ್ಲ, ಅದಕ್ಕೆ ಪ್ರೋಗ್ರಾಂ ಮಾಡಿದವರು ಆರು ಜನ ಹೆಂಗಸರು. ಹಳೆಯ ಫೋಟೊಗಳಲ್ಲಿ ಯಂತ್ರದ ಪಕ್ಕ ನಿಂತಿದ್ದಾರೆ. ಎಷ್ಟೋ ವರ್ಷದ ಮೇಲೆ ಕ್ಯಾಥಿ ಕ್ಲೈಮನ್ ಅನ್ನುವ ವಿದ್ಯಾರ್ಥಿನಿ ಇವರು ಯಾರು ಅಂತ ಕೇಳಿದ್ದಕ್ಕೆ, ಯಂತ್ರ ಚೆಂದ ಕಾಣಲಿ ಅಂತ ನಿಲ್ಲಿಸಿದ ಮಾಡೆಲ್‌ಗಳು ಅನ್ನುವ ಉತ್ತರ ಸಿಕ್ಕಿತು. ಫ್ರಿಜ್ಜಿನ ಜಾಹೀರಾತಿನಲ್ಲಿ ಬಾಗಿಲು ಹಿಡಿದು ನಿಲ್ಲುತ್ತಾರಲ್ಲ, ಹಾಗೆ. ಆಕೆ ಬಿಡದೆ ಹುಡುಕಿದ್ದಕ್ಕೆ ಆ ಆರು ಹೆಸರು ಉಳಿದವು.

ನಮ್ಮಲ್ಲೂ ಇದ್ದಾರೆ. ರಾಜೇಶ್ವರಿ ಚಟರ್ಜಿ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಹೇಳುತ್ತಾರೆ. 1947ರಲ್ಲಿ ಮಿಶಿಗನ್‌ಗೆ ಓದಲು ಹೋಗಿ, 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠಕ್ಕೆ ನಿಂತವರು. ಮೈಕ್ರೋವೇವ್ ಮತ್ತು ಆಂಟೆನಾ ಅವರ ವಿಷಯ. ನಾನು ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದರೂ ಒಬ್ಬ ಮೇಷ್ಟ್ರೂ ಅವರ ಹೆಸರು ಹೇಳಲಿಲ್ಲ.

ಕೋಟೆ_ಕಲ್ಲು
ಸೋಮವಾರ, ಬೆಳಿಗ್ಗೆ 7:15

ಚಿತ್ರದುರ್ಗದಿಂದ. 1972 ಅಂದಾಗ ತಲೆಯಲ್ಲಿ ಗಂಟೆ ಹೊಡೆಯಿತು. ನಾಗರಹಾವು ಬಂದದ್ದೂ ಅದೇ ವರ್ಷ, ಡಿಸೆಂಬರ್‌ನಲ್ಲಿ. ನಮ್ಮ ಕಣ್ಣಲ್ಲಿ ಒನಕೆ ಓಬವ್ವ ಅಂದರೆ ಯಾರು? ಅದರಲ್ಲಿ ಓಬವ್ವ ಆಗಿದ್ದ ಜಯಂತಿ. ಕಚ್ಚೆ ಸೀರೆ, ಕೈಯಲ್ಲಿ ಒನಕೆ, ಕೆಂಡದಂಥ ಕಣ್ಣು. ಓಬವ್ವನ ಕಾಲದಲ್ಲಿ ಬರೆದ ಒಂದು ಚಿತ್ರವನ್ನೂ ನಾನು ಕಂಡಿಲ್ಲ. ಇಲ್ಲಿ ಶಾಲಾ ಮಕ್ಕಳು ಬಿಡಿಸುವ ಓಬವ್ವನೂ ಸಿನಿಮಾದ ಓಬವ್ವನೇ.

ನಾನು ಕೋಟೆಗೆ ಬರುವವರನ್ನು ನೋಡುತ್ತಿರುತ್ತೇನೆ, ಅಂಗಡಿ ಅಲ್ಲೇ ಹತ್ತಿರ. ಕಿಂಡಿಯ ಹತ್ತಿರ ಎಲ್ಲರೂ ಹೊಡೆಯುವ ಪೋಸ್ ಕೊಟ್ಟು ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ಪಕ್ಕದ ತಣ್ಣೀರು ದೋಣಿಯ ಹತ್ತಿರ ಯಾರೂ ನಿಲ್ಲುವುದಿಲ್ಲ. ಆದರೆ ಕಥೆ ಶುರುವಾಗುವುದೇ ಅಲ್ಲಿಂದ. ಗಂಡ ಊಟಕ್ಕೆ ಬಂದಿದ್ದಾನೆ, ಅವಳು ನೀರಿಗೆ ಹೋಗಿದ್ದಾಳೆ. ದಿನಾ ಆ ದಾರಿ ತುಳಿಯುವವಳಿಗೇ ಕಿಂಡಿಯ ಸದ್ದು ಕೇಳಿದ್ದು. ಕಾವಲುಗಾರನಿಗಲ್ಲ.

ಮಂಡಿಪೇಟೆ_ಮೊಬೈಲ್
ಸೋಮವಾರ, ಬೆಳಿಗ್ಗೆ 8:02

ಇದು ಒಪ್ಪಿದೆ ಗುರು.

ನಿವೃತ್ತ_ಮೇಷ್ಟ್ರು
ಸೋಮವಾರ, ಬೆಳಿಗ್ಗೆ 10:30

ಮಗಳೇ, ತಂತ್ರಜ್ಞಾನ ಅಂದರೆ ಕಂಪ್ಯೂಟರ್ ಅಂತಲೇ ನೀವೆಲ್ಲ ತಿಳಿದುಕೊಂಡಿದ್ದೀರಿ. ಕೆರೆ ಕಟ್ಟುವುದೂ ತಂತ್ರಜ್ಞಾನವೇ. ನಾನು ಚನ್ನಗಿರಿಯವನು. ನಮ್ಮ ಕೆರೆಗೆ ಸರ್ಕಾರದ ಹೆಸರು ಶಾಂತಿಸಾಗರ. ಜನರ ಬಾಯಲ್ಲಿ ಸೂಳೆಕೆರೆ. ಕಥೆ ನಿಮಗೆ ಗೊತ್ತಿರಬಹುದು. ಶಾಂತವ್ವ ಅನ್ನುವ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಳು. ಜಾಗ ಸೂಳೆಯರದ್ದು. ಜಾಗ ಬಿಡುತ್ತೇವೆ, ಕೆರೆಗೆ ನಮ್ಮ ಹೆಸರೇ ಇರಬೇಕು ಅಂದರಂತೆ. ಆಕೆ ಒಪ್ಪಿದಳಂತೆ. ಜನಪದರ ಕಥೆ, ಶಾಸನ ತೋರಿಸು ಅಂದರೆ ನನ್ನ ಹತ್ತಿರ ಇಲ್ಲ. ಆದರೆ ಏರಿ ಇದೆ, ನೀರು ಇದೆ. ಚಿತ್ರದುರ್ಗದವರು ಕುಡಿಯುವುದೂ ಈ ಕೆರೆಯ ನೀರನ್ನೇ, ಕೋಟೆ ಕಲ್ಲು ಅವರೇ, ನೆನಪಿರಲಿ.

ಆ ಹೆಸರು ಹೇಳಲು ನಮ್ಮ ಜೊತೆಯ ಮೇಷ್ಟ್ರುಗಳೇ ನಾಚುತ್ತಿದ್ದರು. ಪಾಠದಲ್ಲಿ ಶಾಂತಿಸಾಗರ ಅಂದುಬಿಡುವುದು ಸಲೀಸು. ನಾನೂ ಮೂವತ್ತು ವರ್ಷ ಹಾಗೇ ಅಂದವನು. ಜಾಗ ಕೊಟ್ಟವರು ಕೇಳಿದ್ದು ಒಂದೇ ಒಂದು, ಅದನ್ನೂ ನಾವು ಅಳಿಸುತ್ತಿದ್ದೇವಲ್ಲಾ ಅಂತ ನಿವೃತ್ತಿಯಾದ ಮೇಲೆ ಹೊಳೆಯಿತು.

ಹಿರಿಯೂರಿನ ಮಾರಿಕಣಿವೆ ನೋಡಿ. ವಾಣಿ ವಿಲಾಸ ಸಾಗರ ಅನ್ನುವ ಹೆಸರು ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರದು. ಗಂಡ ತೀರಿಕೊಂಡ ಮೇಲೆ, ಮಗ ಚಿಕ್ಕವನು ಅಂತ, 1895ರಿಂದ 1902ರವರೆಗೆ ಮೈಸೂರು ರಾಜ್ಯ ನಡೆಸಿದವರು. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಅದರ ಕೆಲಸ ಆದದ್ದೆಲ್ಲ ಅವರ ಕಾಲದಲ್ಲೇ. 2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗ, 1933ರ ನಂತರ ಮೊದಲ ಸಲ, ಟಿವಿಯವರೆಲ್ಲ ಡ್ರೋನ್ ಹಾರಿಸಿ ತೋರಿಸಿದರು. ಆ ಹೆಸರು ಯಾರದು ಅಂತ ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಲಿಲ್ಲ. ನನ್ನ ಕಿವಿಯೂ ಈಗ ಸ್ವಲ್ಪ ಮಂದ, ಇರಲಿ.

ಡೆಸ್ಕ್_ರಾತ್ರಿಪಾಳಿ
ಸೋಮವಾರ, ರಾತ್ರಿ 1:50

ಪೇಜ್ ಕಳಿಸಿ ಈಗ ಕೂತೆ. ಪತ್ರಿಕೆಯವರ ಪರವಾಗಿ ಒಂದು ತಪ್ಪೊಪ್ಪಿಗೆ.

ಗಂಡಸು ಬೈಕಿನಿಂದ ಬಿದ್ದರೆ ‘ಬೈಕ್ ಸವಾರ’. ಹೆಂಗಸು ಬಿದ್ದರೆ ‘ಯುವತಿ’, ‘ಗೃಹಿಣಿ’. ಅವಳು ಶಿಕ್ಷಕಿಯೋ ನರ್ಸೋ ಮೂರನೇ ಪ್ಯಾರಾದಲ್ಲಿ ಗೊತ್ತಾಗುತ್ತದೆ, ಜಾಗ ಸಾಲದಿದ್ದರೆ ಆ ಪ್ಯಾರಾ ಹಾರಿಹೋಗುತ್ತದೆ. ಕೊಲೆಯಾದವಳು ಹೆಂಗಸಾದರೆ ಮೊದಲು ಹುಡುಕುವುದು ಅವಳ ಫೇಸ್‌ಬುಕ್ ಫೋಟೊ, ಅದರಲ್ಲೂ ಚೆನ್ನಾಗಿ ಕಾಣುವುದು. ‘ಪ್ರಿಯಕರನೊಂದಿಗೆ ಪರಾರಿ’ ಅಂತ ನಾನೇ ಎಷ್ಟು ಸಲ ಬರೆದಿದ್ದೇನೋ. ಹದಿನೆಂಟು ದಾಟಿದ ಇಬ್ಬರು ಊರು ಬಿಟ್ಟು ಹೋದರೆ ಅದು ಪರಾರಿ ಹೇಗಾಯಿತು? ಕಳ್ಳತನ ಮಾಡಿದ್ದರಾ?

ವೆಬ್‌ಸೈಟಿಗೆ ಬಂದ ಮೇಲೆ ಇನ್ನೂ ಕೆಟ್ಟಿತು. ಒಂದು ಸಲ ‘ಶಿಕ್ಷಕಿ’ ಅಂತ ಹಾಕಿದ್ದ ಶೀರ್ಷಿಕೆಯನ್ನು ಮೇಲಿನವರು ‘ಬ್ಯೂಟಿ ಟೀಚರ್’ ಮಾಡಿಸಿದರು. ಕ್ಲಿಕ್ ಬಂದವು. ಬಂದದ್ದೇ ತಪ್ಪಾಯಿತು, ಆಮೇಲೆ ಅದೇ ದಾರಿಯಾಯಿತು.

ಇನ್ನೊಂದು ಗಮನಿಸಿ. ಟೊಮೇಟೊ ರೇಟು ಏರಿದರೆ ಟಿವಿಯವರ ಮೈಕು ಹೆಂಗಸರ ಬಾಯಿಗೆ. ಬಜೆಟ್ ಬಂದರೆ ಗಂಡಸರ ಬಾಯಿಗೆ. ಇದು ನಮ್ಮ ಊರಿನದ್ದಷ್ಟೇ ಅಲ್ಲ. ಜಗತ್ತಿನ ಸುದ್ದಿಗಳನ್ನು ಐದು ವರ್ಷಕ್ಕೊಮ್ಮೆ ಒಂದು ದಿನ ಹಿಡಿದು ಎಣಿಸುವ ಒಂದು ಕೆಲಸ ನಡೆಯುತ್ತದೆ, ಜಾಗತಿಕ ಮಾಧ್ಯಮ ಅವಲೋಕನ ಯೋಜನೆ ಅಂತ. 1995ರಲ್ಲಿ ಸುದ್ದಿಯಲ್ಲಿ ಕಂಡ, ಕೇಳಿಸಿದ ಜನರಲ್ಲಿ ಹೆಂಗಸರು ಶೇ. 17. 2020ರಲ್ಲಿ ಶೇ. 25. ಇಪ್ಪತ್ತೈದು ವರ್ಷದಲ್ಲಿ ಎಂಟೇ ಎಂಟು.

ನಮ್ಮ ಹಳಬರು ಇದಕ್ಕಿಂತ ವಾಸಿ ಇದ್ದರೇನೋ. ನಂಜನಗೂಡು ತಿರುಮಲಾಂಬ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಅವರೇ 1913ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆ ಶುರುಮಾಡಿದರು, ಆಮೇಲೆ ಪತ್ರಿಕೆಯನ್ನೂ ನಡೆಸಿದರು. ಆರ್. ಕಲ್ಯಾಣಮ್ಮ ‘ಸರಸ್ವತಿ’ ಮಾಸಪತ್ರಿಕೆಯನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹೊರತಂದರು. ಬರೆಯುವವರೂ ಅವರೇ, ಅಚ್ಚು ಹಾಕಿಸುವವರೂ ಅವರೇ. ನಮ್ಮ ರಾತ್ರಿಪಾಳಿಯಲ್ಲಿ ಇವತ್ತು ಒಬ್ಬ ಹೆಣ್ಣುಮಗಳೂ ಇಲ್ಲ. ಕ್ಯಾಬ್ ಖರ್ಚು ಜಾಸ್ತಿ ಅಂತ.

ಮಂಡಿಪೇಟೆ_ಮೊಬೈಲ್
ಮಂಗಳವಾರ, ಮಧ್ಯಾಹ್ನ 2:20

ಮೊನ್ನೆ ನಾನು ಹಾಗೆ ಬರೆದದ್ದು ಸ್ವಲ್ಪ ಅವಸರ ಆಯಿತು. ನಿನ್ನೆಯಿಂದ ಅಂಗಡಿಗೆ ಬರುವವರನ್ನು ಸುಮ್ನೆ ಗಮನಿಸಿದೆ. ಹನ್ನೊಂದು ವರ್ಷದಿಂದ ಇದೇ ಕೆಲಸ, ಆದರೆ ಈ ಕಣ್ಣಿನಿಂದ ನೋಡಿರಲಿಲ್ಲ.

ಹೊಸ ಫೋನ್ ತೆಗೆದುಕೊಳ್ಳುವವನು ಗಂಡ ಅಥವಾ ಮಗ. ಹಳೆಯದು ಹೆಂಡತಿಗೆ. ರಿಪೇರಿಗೆ ಹೆಂಗಸರು ತರುವ ಫೋನಿನಲ್ಲಿ ಬ್ಯಾಟರಿ ಉಬ್ಬಿರುತ್ತದೆ, ಚಾರ್ಜಿಂಗ್ ಪಿನ್ ಲೂಸ್ ಇರುತ್ತದೆ, ಮೆಮೊರಿ ತುಂಬಿರುತ್ತದೆ. ತುಂಬಿರುವುದು ಗಂಡನ ಹಳೇ ಫೋಟೊಗಳಿಂದಲೇ. ಡಿಲೀಟ್ ಮಾಡಲಾ ಅಂದರೆ "ಬೇಡಣ್ಣ, ಅವರನ್ನ ಕೇಳಿ ಬರ್ತೀನಿ" ಅನ್ನುತ್ತಾರೆ.

ಇನ್ನೊಂದು ವಿಷಯ ಹೇಳಬೇಕೋ ಬೇಡವೋ ಗೊತ್ತಿಲ್ಲ. ತಿಂಗಳಿಗೆ ಒಬ್ಬರೋ ಇಬ್ಬರೋ ಬಂದು ಕೇಳುತ್ತಾರೆ, "ಹೆಂಡತಿ ಫೋನಿಗೆ ಏನಾದರೂ ಹಾಕಿಕೊಡು, ಅವಳು ಯಾರ ಜೊತೆ ಮಾತಾಡ್ತಾಳೆ ನನ್ನ ಫೋನಿಗೆ ಬರಬೇಕು" ಅಂತ. ಅಣ್ಣಂದಿರೂ ಬರುತ್ತಾರೆ, ತಂಗಿಯ ಫೋನ್ ಹಿಡಿದುಕೊಂಡು. ಮೊದಲು ಎರಡು ಸಲ ಹಾಕಿಕೊಟ್ಟಿದ್ದೇನೆ. ಆಗ ತಪ್ಪು ಅನ್ನಿಸಿರಲಿಲ್ಲ. ಅದರಲ್ಲಿ ಒಬ್ಬ ಹೆಣ್ಣುಮಗಳು ಆಮೇಲೆ ಅಂಗಡಿಗೆ ಬಂದು ಫೋನ್ ಬಿಸಿಯಾಗುತ್ತದೆ ನೋಡಿ ಅಂದಳು. ನನಗೆ ಕಾರಣ ಗೊತ್ತಿತ್ತು. ಬ್ಯಾಟರಿ ಹಳೆಯದಾಗಿದೆ ಅಂದು ಕಳಿಸಿದೆ. ಅವಳ ಮುಖ ಇನ್ನೂ ಕಣ್ಣ ಮುಂದಿದೆ. ಈಗ ಯಾರು ಕೇಳಿದರೂ ಹಾಕುವುದಿಲ್ಲ, ಆದರೆ ಪಕ್ಕದ ಅಂಗಡಿಯಲ್ಲಿ ಹಾಕಿಸಿಕೊಂಡು ಹೋಗುತ್ತಾರೆ.

ಕೋರ್ಟ್_ರಸ್ತೆ
ಮಂಗಳವಾರ, ಸಂಜೆ 6:45

ನಾನು ವಕೀಲೆ. ಅಣ್ಣ, ನೀವು ಇದನ್ನು ಬಾಯಿಬಿಟ್ಟು ಹೇಳಿದ್ದು ಒಳ್ಳೆಯದೇ ಆಯಿತು, ಆದರೆ ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 78ನೇ ಕಲಂ ಹಿಂಬಾಲಿಸಿ ಕಾಡುವುದರ ಬಗ್ಗೆ. ಹೆಣ್ಣಿನ ಇಂಟರ್ನೆಟ್, ಇಮೇಲ್, ಬೇರೆ ಯಾವುದೇ ಎಲೆಕ್ಟ್ರಾನಿಕ್ ಸಂಪರ್ಕದ ಮೇಲೆ ಕಣ್ಣಿಡುವುದೂ ಅದರಲ್ಲಿ ಬರುತ್ತದೆ. ಮೊದಲ ಸಲ ಸಾಬೀತಾದರೆ ಮೂರು ವರ್ಷದವರೆಗೆ ಜೈಲು. ‘ಗಂಡನಾದರೆ ಪರವಾಗಿಲ್ಲ’ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಕಾನೂನು ಇದೆ, ಸರಿ. ನನ್ನ ಹತ್ತಿರ ಬರುವವರು ಏನು ಹೇಳುತ್ತಾರೆ ಗೊತ್ತಾ? "ಮೇಡಂ, ಕಂಪ್ಲೇಂಟ್ ಬೇಡ, ಫೋಟೊ ತೆಗೆಸಿದರೆ ಸಾಕು." ಮನೆಯಲ್ಲಿ ಗೊತ್ತಾದರೆ ಮೊದಲು ಕಿತ್ತುಕೊಳ್ಳುವುದು ಫೋನು, ಆಮೇಲೆ ಕಾಲೇಜು. ತಪ್ಪು ಮಾಡಿದವನ ಕೈಯಲ್ಲಿ ಫೋನ್ ಇದ್ದೇ ಇರುತ್ತದೆ. ಇದಕ್ಕೆ ಹೆದರಿಯೇ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಬಾಯಿಮುಚ್ಚಿಕೊಂಡು ದುಡ್ಡು ಕೊಡುತ್ತಿರುತ್ತಾರೆ.

ಆದ್ದರಿಂದ ಇಲ್ಲಿ ಓದುತ್ತಿರುವ ಹುಡುಗಿಯರಿಗೆ ಹೇಳುತ್ತೇನೆ. ಯಾರಾದರೂ ಫೋಟೊ ಇಟ್ಟುಕೊಂಡು ಹೆದರಿಸಿದರೆ ಮೊದಲು ಚಾಟ್ ಡಿಲೀಟ್ ಮಾಡಬೇಡಿ. ಅವಮಾನಕ್ಕೆ ಅಳಿಸಿಬಿಡುತ್ತೀರಿ, ಆಮೇಲೆ ಸಾಕ್ಷಿ ಇರುವುದಿಲ್ಲ. ಸ್ಕ್ರೀನ್‌ಶಾಟ್, ಲಿಂಕ್, ತಾರೀಖು ಇಟ್ಟುಕೊಳ್ಳಿ. ಸೈಬರ್ ಕ್ರೈಂ ಸರ್ಕಾರಿ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳ ದೂರಿಗೆ ಬೇರೆಯೇ ಭಾಗ ಇದೆ, ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸೈಬರ್ ಅಪರಾಧ ನೋಡಿಕೊಳ್ಳಲು ಜಿಲ್ಲೆಗೊಂದು ಸಿಇಎನ್ ಪೊಲೀಸ್ ಠಾಣೆ ಇದೆ. ಯಾವ ಠಾಣೆಗೆ ಹೋದರೂ ‘ಇದು ನಮ್ಮ ವ್ಯಾಪ್ತಿ ಅಲ್ಲ’ ಅಂತ ಕಳಿಸುವ ಹಾಗಿಲ್ಲ. ಹದಿನೆಂಟು ದಾಟಿದವರಿಗೆ ಸ್ಟಾಪ್ ಎನ್‌ಸಿಐಐ ಅಂತ ಒಂದು ವ್ಯವಸ್ಥೆ ಇದೆ. ಫೋಟೊ ಅವರಿಗೆ ಕಳಿಸಬೇಕಾಗಿಲ್ಲ. ನಿಮ್ಮ ಫೋನಿನಲ್ಲೇ ಆ ಚಿತ್ರದ ಬೆರಳಚ್ಚಿನಂಥ ಒಂದು ಸಂಖ್ಯೆ ತಯಾರಾಗುತ್ತದೆ, ಅದಷ್ಟೇ ಹೋಗುತ್ತದೆ. ಅದನ್ನು ನೋಡಿ ಇದಕ್ಕೆ ಸೇರಿರುವ ಕಂಪನಿಗಳು ಅದೇ ಚಿತ್ರ ತಮ್ಮಲ್ಲಿದ್ದರೆ ತೆಗೆಯುತ್ತವೆ.

ಹರಿಹರದ_ಸುಮ್ನೆಓದುಗ
ಮಂಗಳವಾರ, ರಾತ್ರಿ 8:30

ಮೇಡಂ, ನಕಲಿ ಫೋಟೊ ಆದರೆ? ಈಗ ಎಐನಲ್ಲಿ ಮುಖ ಅಂಟಿಸುತ್ತಾರಲ್ಲ. ಅದು ನಾನಲ್ಲ ಅಂತ ಹೇಳಿದರೆ ಮುಗೀತಲ್ವಾ?

ಕೋರ್ಟ್_ರಸ್ತೆ
ಮಂಗಳವಾರ, ರಾತ್ರಿ 9:05

ಮುಗಿಯುವುದಿಲ್ಲ. 2023ರ ನವೆಂಬರ್‌ನಲ್ಲಿ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿದ ವಿಡಿಯೊ ಬಂತಲ್ಲ. ಅವರು ದೊಡ್ಡ ನಟಿ, ದೇಶವೇ ಮಾತಾಡಿತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದಲ್ಲಿ ಒಬ್ಬನನ್ನು ಹಿಡಿದರು. ಅಭಿಮಾನಿ ಪೇಜಿಗೆ ಫಾಲೋವರ್ಸ್ ಜಾಸ್ತಿ ಮಾಡಿಕೊಳ್ಳಲು ಮಾಡಿದ್ದ ಅಂತ ಪೊಲೀಸರು ಹೇಳಿದರು. ಆ ವಿಡಿಯೊದಲ್ಲಿದ್ದ ಮೈ ಇನ್ನೊಬ್ಬ ಹೆಣ್ಣುಮಗಳದ್ದು, ಅವಳನ್ನೂ ಯಾರೂ ಕೇಳಿರಲಿಲ್ಲ. ನಮ್ಮ ಹಳ್ಳಿಯ ಪಿಯುಸಿ ಹುಡುಗಿಗೆ ಹೀಗಾದರೆ ‘ನಕಲಿ’ ಅಂತ ಗೊತ್ತಾಗುವ ಮೊದಲೇ ಗಂಡು ನೋಡಲು ಶುರು ಮಾಡಿರುತ್ತಾರೆ.

ಕಾನೂನಿನ ಮಟ್ಟಿಗೆ ತಿರುಚಿದ ಚಿತ್ರಕ್ಕೂ ರಕ್ಷಣೆ ಇದೆ. 2021ರ ಐಟಿ ನಿಯಮಗಳಲ್ಲೇ, ಅಂಥದ್ದರ ಬಗ್ಗೆ ದೂರು ಬಂದರೆ ಕಂಪನಿಯವರು 24 ಗಂಟೆಯಲ್ಲಿ ಕ್ರಮ ತೆಗೆದುಕೊಳ್ಳಬೇಕು ಅಂತ ಬರೆದರು.

ಹದಡಿರಸ್ತೆ_ಹುಡುಗಿ
ಬುಧವಾರ, ರಾತ್ರಿ 10:10

ಎಲ್ಲರದ್ದೂ ಎರಡೆರಡು ಸಲ ಓದಿದೆ. ಮಂಡಿಪೇಟೆ ಅಣ್ಣ, ನಿಮ್ಮದನ್ನು ಓದಿ ನನಗೆ ಸಿಟ್ಟೂ ಬಂತು. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಬಂತು.

ಈ ಮೂರು ದಿನದಲ್ಲಿ ಎರಡು ಕೆಲಸ ಮಾಡಿದೆ. ಒಂದು, ಅವ್ವನ ಫೋನಿನ ಗಾಜು ಹಾಕಿಸಿ, ಅವಳ ಸಿಮ್ಮನ್ನು ಅಪ್ಪನ ಫೋನಿನಿಂದ ತೆಗೆದು ಇದಕ್ಕೆ ಹಾಕಿದೆ. ಅಪ್ಪ "ಅವಳಿಗ್ಯಾಕೆ ತಲೆನೋವು" ಅಂದರು. ಅಚ್ಚರಿ ಏನೆಂದರೆ ಅವ್ವನೂ ಅದನ್ನೇ ಅಂದಳು. "ನನಗ್ಯಾಕೆ ತಲೆನೋವು, ಏನಾದರೂ ಒತ್ತಿ ದುಡ್ಡು ಹೋದರೆ?" ಈ ಹೆದರಿಕೆ ಸುಳ್ಳಲ್ಲ. ನಮ್ಮ ಬೀದಿಯಲ್ಲೇ ಒಬ್ಬರಿಗೆ ಹಾಗೆ ಆಗಿದೆ. ಅವರು ಗಂಡಸು, ಬ್ಯಾಂಕಿನಿಂದ ನಿವೃತ್ತರಾದವರು! ಅವ್ವನಿಗೆ ಅದನ್ನೇ ನೆನಪಿಸಿದೆ. ನಕ್ಕಳು, ತೆಗೆದುಕೊಂಡಳು. ಅಕ್ಷರ ದೊಡ್ಡದು ಮಾಡಿಕೊಟ್ಟೆ. ಟೈಪ್ ಮಾಡಲು ಕಷ್ಟ, ಅದಕ್ಕೆ ಮಾತಾಡಿದರೆ ಬರೆದುಕೊಳ್ಳುವುದನ್ನು ತೋರಿಸಿದೆ. ಅವ್ವ ನಮ್ಮ ಕಡೆಯ ಮಾತಿನಲ್ಲಿ ಏನೋ ಹೇಳಿದರೆ ಅದು ಇನ್ನೇನೋ ಬರೆಯುತ್ತದೆ. ಸರಿ ಹೋಗಲು ಅವ್ವ ಈಗ ವಾರ್ತೆ ಓದುವವರ ಹಾಗೆ ಮಾತಾಡುತ್ತಾಳೆ, ಇಡೀ ಮನೆಗೆ ನಗು. ಯಂತ್ರಕ್ಕಾಗಿ ಅವ್ವ ಭಾಷೆ ಬದಲಿಸಬೇಕಾ ಅನ್ನುವುದು ಇನ್ನೊಂದು ಸೆಮಿನಾರಿನ ವಿಷಯ.

ಎರಡನೆಯದು, ಲ್ಯಾಬಿಗೆ ಬೇರೆ ಫೋಟೊ. ಟೆಸ್ಟಿಗೆ ಎಂಥ ಚಿತ್ರ ಬೇಕು? ಒಂದು ಕಡೆ ನುಣುಪು, ಒಂದು ಕಡೆ ಒರಟು, ಚೂಪಾದ ಅಂಚು, ನೆರಳು ಬೆಳಕು. ಲೆನಾ ಚಿತ್ರ ಉಳಿದದ್ದಕ್ಕೆ ಇದೇ ಕಾರಣ ಹೇಳುತ್ತಾರೆ, ಹೆಗಲ ನುಣುಪು, ಟೋಪಿಯ ಗರಿ. ಸಂಜೆ ಅಂಗಡಿಯಲ್ಲಿ ಕೂತಾಗ ತಟ್ಟೆ ನೋಡಿದೆ. ನರ್ಗೀಸ್ ಮಂಡಕ್ಕಿ, ಮೇಲೆ ಈರುಳ್ಳಿ, ಪಕ್ಕದಲ್ಲಿ ಮಿರ್ಚಿ. ಮಂಡಕ್ಕಿಗಿಂತ ಒರಟು ಏನು ಬೇಕು? ಮಿರ್ಚಿಯ ಎಣ್ಣೆ ಹೊಳಪು, ತಟ್ಟೆಯ ಅಂಚು, ಎಲ್ಲ ಇದೆ. 512ಕ್ಕೆ ಇಳಿಸಿ ಅಂಚು ಹುಡುಕಿಸಿದೆ. ಮಿರ್ಚಿ ಚೆನ್ನಾಗಿ ಬಂತು. ಮಂಡಕ್ಕಿ ಜಾಗದಲ್ಲಿ ಪ್ರೋಗ್ರಾಂ ಹುಚ್ಚೆದ್ದು ಸಾವಿರಾರು ಗೆರೆ ಎಳೆಯಿತು. ಮೊದಲು ಮಸುಕು ಮಾಡಿ ಆಮೇಲೆ ಅಂಚು ಹುಡುಕಬೇಕು ಅಂತ ಪುಸ್ತಕದಲ್ಲಿ ಯಾಕೆ ಹೇಳಿದ್ದಾರೆ ಅಂತ ಅವತ್ತು ಅರ್ಥವಾಯಿತು. ಲೆನಾ ಮುಖ ನೋಡಿ ಅರ್ಥವಾಗಿರಲಿಲ್ಲ.

ಬೆಣ್ಣೆದೋಸೆ_ಬೆಂಗಳೂರಲ್ಲಿ
ಬುಧವಾರ, ರಾತ್ರಿ 10:31

ಲ್ಯಾಬುಗಳಲ್ಲಿ ಬಳಸುವ ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರ್‌ನಲ್ಲಿ ಮೆಣಸಿನಕಾಯಿ ಫೋಟೊ ಮೊದಲಿಂದಲೂ ಇದೆ ತಂಗಿ. ಪೆಪ್ಪರ್ಸ್ ಅಂತ. ಹಿಟ್ಟಲ್ಲಿ ಅದ್ದಿ ಎಣ್ಣೆಗೆ ಬಿಟ್ಟವಳು ನೀನೇ ಮೊದಲು.

ಅಂಗನವಾಡಿ_ಅಕ್ಕ
ಗುರುವಾರ, ಮಧ್ಯಾಹ್ನ 3:40

ಆ ಮಾತಾಡಿದರೆ ಬರೆದುಕೊಳ್ಳುವುದು ಎಲ್ಲಿರುತ್ತದೆ ತಂಗಿ? ರಿಜಿಸ್ಟರ್ ತುಂಬಲು ನನ್ನ ಕಣ್ಣು ಹೋಗುತ್ತಿದೆ.

ಹದಡಿರಸ್ತೆ_ಹುಡುಗಿ
ಗುರುವಾರ, ಸಂಜೆ 5:15

ಅಕ್ಕ, ಕೀಬೋರ್ಡ್ ಬಂದಾಗ ಮೂಲೆಯಲ್ಲಿ ಮೈಕಿನ ಚಿತ್ರ ಇರುತ್ತದೆ. ಕೀಬೋರ್ಡಿನ ಸೆಟ್ಟಿಂಗಿನಲ್ಲಿ ಭಾಷೆ ಕನ್ನಡ ಸೇರಿಸಿ, ಆಮೇಲೆ ಮೈಕು ಒತ್ತಿ ಮಾತಾಡಿ. ಅಂಕಿಗಳನ್ನು ನಿಧಾನ ಹೇಳಿ, ಹೇಳಿದ ಮೇಲೆ ಒಮ್ಮೆ ನೋಡಿ. ಆಗದಿದ್ದರೆ ಇಲ್ಲೇ ಕೇಳಿ.

ಹದಡಿರಸ್ತೆ_ಹುಡುಗಿ
ಶುಕ್ರವಾರ, ರಾತ್ರಿ 9:20

ಸೆಮಿನಾರ್ ಮುಗಿಯಿತು. ಓಟಿಪಿ ಕಥೆ ಹೇಳಿದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು. ಆಮೇಲೆ, ಅಮ್ಮನ ನಂಬರ್ ಅಪ್ಪನ ಹತ್ತಿರವೋ ನಿಮ್ಮ ಹತ್ತಿರವೋ ಇದ್ದರೆ ಕೈ ಎತ್ತಿ ಅಂದೆ. ಹುಡುಗ ಹುಡುಗಿ ಅಂತಿಲ್ಲದೆ ಕೈ ಎದ್ದವು, ಎಣಿಸಲಿಲ್ಲ. ಫೋಟೊ ಬದಲಿಸುವ ವಿಷಯಕ್ಕೆ ಸರ್, ‘ಈ ವರ್ಷದ ಮ್ಯಾನ್ಯುಯಲ್ ಪ್ರಿಂಟ್ ಆಗಿದೆ, ಮುಂದಿನ ಸಲ ನೋಡೋಣ’ ಅಂದರು. ಮಂಡಕ್ಕಿ ಫೈಲ್ ಮಾತ್ರ ಈಗ ಲ್ಯಾಬಿನ ಎಲ್ಲ ಕಂಪ್ಯೂಟರಿನಲ್ಲೂ ಇದೆ. ನಾನು ಹಾಕಿಲ್ಲ, ಸತ್ಯವಾಗಿ.

ಇನ್ನೊಂದು. ಬೆಳಿಗ್ಗೆ ಸಿಲಿಂಡರ್ ಬಂತು. ಹುಡುಗ ಬಾಗಿಲಲ್ಲಿ ನಿಂತು ಓಟಿಪಿ ಕೇಳಿದ. ಅಪ್ಪ ಅಭ್ಯಾಸದಂತೆ ಜೇಬಿಗೆ ಕೈ ಹಾಕಿದರು, ನೋಡಿದರು, ಇಲ್ಲ. ಅಡುಗೆಮನೆ ಬಾಗಿಲಿಗೆ ಹೋಗಿ "ನಂಬರ್ ಬಂದಿರಬೇಕು ನೋಡು" ಅಂದರು. ಅವ್ವ ರೊಟ್ಟಿ ತಟ್ಟುತ್ತಿದ್ದಳು.

"ಕೈ ಹಿಟ್ಟಾಗಿದೆ, ತಡೀರಿ" ಅಂದಳು.

ಮಂಡಿಪೇಟೆ_ಮೊಬೈಲ್
ಶುಕ್ರವಾರ, ರಾತ್ರಿ 9:34

ಸಿಲಿಂಡರ್ ಇಳಿಸಿದನಾ?

ಹದಡಿರಸ್ತೆ_ಹುಡುಗಿ
ಶುಕ್ರವಾರ, ರಾತ್ರಿ 9:36

ಇಳಿಸಿದ ಅಣ್ಣ. ಎರಡು ರೊಟ್ಟಿ ಆದ ಮೇಲೆ.